ಮ್ಯುಲ್ಲರ್ ನಾಳನಿರೋಧಕ ಹಾರ್ಮೋನು

ಮ್ಯುಲ್ಲರ್ ನಾಳನಿರೋಧಕ ಹಾರ್ಮೋನು ಗಂಡು ಭ್ರೂಣದ ವೃಷಣದಲ್ಲಿ ತಯಾರಾಗುವ ಒಂದು ಪ್ರೋಟೀನು. ಮುಂದೆ ಗರ್ಭಕೋಶ, ಅಂಡನಾಳಗಳಾಗಬೇಕಿದ್ದ ನಾಳಗಳನ್ನು ಅದು ಕರಗಿಸುತ್ತದೆ. ಹೆಣ್ಣಿನಲ್ಲಿ ಇದೇ ಪ್ರೋಟೀನು ಅಂಡಾಶಯದ ಚಿಕ್ಕ ಕೋಶಕಗಳಿಂದ ಹೊರಟು ಅಂಡಗಳ ಖರ್ಚಿಗೆ ಕಡಿವಾಣ ಹಾಕುತ್ತದೆ. ಆಸ್ಪತ್ರೆಯ ಚೀಟಿಯಲ್ಲೂ ಮಾತಿನಲ್ಲೂ ಎಎಂಎಚ್ ಎಂಬ ಮೂರಕ್ಷರವೇ ರೂಢಿ. ಈ ಲೇಖನದಲ್ಲೂ ಅದನ್ನೇ ಬಳಸಿದೆ.

ಹೆಸರು ಇದರ ಒಂದು ಕೆಲಸವನ್ನಷ್ಟೇ ಹೇಳುತ್ತದೆ, ಅದೂ ಗಂಡು ಭ್ರೂಣದಲ್ಲಿ ಎರಡು ಮೂರು ವಾರದಲ್ಲಿ ಮುಗಿದುಹೋಗುವ ಕೆಲಸವನ್ನು. ಉಳಿದ ಕೆಲಸಗಳನ್ನು ಕಾಣಲು ದೂರ ಹೋಗಬೇಕಿಲ್ಲ. ಕಾರವಾರ ಮತ್ತು ಅಂಕೋಲಾಗಳ ನಡುವೆ ರಾಷ್ಟ್ರೀಯ ಹೆದ್ದಾರಿ 66ರ ಪಕ್ಕದಲ್ಲಿರುವ ಅವರ್ಸಾದಂಥ ಕಡಲಬದಿಯ ಊರಿನಲ್ಲಿ ಅವೆಲ್ಲ ಒಂದೇ ಕೇರಿಯಲ್ಲಿ ಸಿಗುತ್ತವೆ: ಕೊಟ್ಟಿಗೆಯಲ್ಲಿ ಗಬ್ಬವಾಗದ ಹಸು, ಅಂಗಳದ ಕೋಳಿ, ದೋಣಿಯಿಂದ ಇಳಿದ ಚೋಣಕ್ ಮೀನು, ಮೀನಿನ ಬುಟ್ಟಿಯ ಸುತ್ತ ಸುಳಿಯುವ ಬೆಕ್ಕು, ಮದುವೆಯಾಗಿ ನಾಲ್ಕು ವರ್ಷ ಕಳೆದು ತಪಾಸಣೆಗೆ ಹೋಗಿಬಂದ ಸೊಸೆಯ ಕೈಯಲ್ಲಿನ ವರದಿ. ಮುಂದಿನ ಉದಾಹರಣೆಗಳಲ್ಲಿ ಹಲವನ್ನು ಅಲ್ಲಿಂದಲೇ ಎತ್ತಿಕೊಂಡಿದೆ.

ಎರಡು ಜೊತೆ ನಾಳ

ಗರ್ಭದೊಳಗಿನ ಮಗು ಮೊದಲ ಆರೇಳು ವಾರ ಗಂಡೂ ಅಲ್ಲ, ಹೆಣ್ಣೂ ಅಲ್ಲ. ವರ್ಣತಂತುಗಳಲ್ಲಿ ನಿರ್ಧಾರವಾಗಿರುತ್ತದೆ, ದೇಹದಲ್ಲಿ ಅದರ ಗುರುತು ಇರುವುದಿಲ್ಲ. ಆ ಹೊತ್ತಿಗೆ ಹೊಟ್ಟೆಯ ಹಿಂಬದಿಯಲ್ಲಿ ಎರಡು ಜೊತೆ ನಾಳಗಳು ಸಿದ್ಧವಾಗುತ್ತವೆ. ಒಂದು ಜೊತೆ ತಾತ್ಕಾಲಿಕ ಮೂತ್ರಪಿಂಡಕ್ಕೆ ಸೇರಿದ್ದು. 1759ರಲ್ಲಿ ತನ್ನ ಪ್ರಬಂಧ ಪ್ರಕಟಿಸಿದ ಕಾಸ್ಪರ್ ಫ್ರೀಡ್ರಿಶ್ ವೋಲ್ಫ್‌ನ ಹೆಸರು ಅದಕ್ಕೆ ಉಳಿದಿದೆ. ಇನ್ನೊಂದು ಜೊತೆಯನ್ನು ಜರ್ಮನಿಯ ಯೋಹಾನೆಸ್ ಮ್ಯುಲ್ಲರ್ 1830ರಲ್ಲಿ ವಿವರಿಸಿದ. ಮಾನವ ಭ್ರೂಣದಲ್ಲಿ ಆರನೆಯ ವಾರದ ಸುಮಾರಿಗೆ ಮೇಲ್ತುದಿಯಲ್ಲಿ ಒಂದು ಮಡಿಕೆಯಾಗಿ ಹುಟ್ಟುವ ಮ್ಯುಲ್ಲರ್ ನಾಳ, ವೋಲ್ಫ್ ನಾಳದ ಮೈಗೆ ಅಂಟಿಕೊಂಡೇ ಕೆಳಕ್ಕೆ ಬೆಳೆಯುತ್ತದೆ. ವೋಲ್ಫ್ ನಾಳ ಸೂಸುವ ಒಂದು ಸಂಕೇತವಿಲ್ಲದಿದ್ದರೆ ಇದು ಮುಂದುವರಿಯಲಾರದು. ಹೆಣ್ಣಿನ ಗರ್ಭಕೋಶ ಗಂಡಿನ ನಾಳದ ಆಸರೆ ಹಿಡಿದು ಹುಟ್ಟುತ್ತದೆ ಎಂಬ ಈ ಸಂಗತಿ ಪಠ್ಯಪುಸ್ತಕಗಳಲ್ಲಿ ಒಂದು ಸಾಲಿನಲ್ಲಿ ಮುಗಿದುಹೋಗುವುದು ಅನ್ಯಾಯ.

ಮುಂದೆ ದಾರಿಗಳು ಬೇರೆಯಾಗುತ್ತವೆ. ಹೆಣ್ಣಿನಲ್ಲಿ ಮ್ಯುಲ್ಲರ್ ನಾಳಗಳ ಮೇಲ್ಭಾಗ ಅಂಡನಾಳಗಳಾಗುತ್ತದೆ. ಕೆಳಭಾಗಗಳು ಕೂಡಿಕೊಂಡು ಗರ್ಭಕೋಶ, ಅದರ ಕೊರಳು, ಯೋನಿಯ ಮೇಲ್ಭಾಗವಾಗುತ್ತವೆ. ವೋಲ್ಫ್ ನಾಳ ತಾನಾಗಿ ಸೊರಗುತ್ತದೆ. ಗಂಡಿನಲ್ಲಿ ವೃಷಣ ಎರಡು ಪ್ರತ್ಯೇಕ ಆಜ್ಞೆಗಳನ್ನು ಕಳಿಸಬೇಕು. ಲೇಡಿಗ್ ಕೋಶಗಳ ಟೆಸ್ಟೋಸ್ಟೆರೋನ್ ವೋಲ್ಫ್ ನಾಳವನ್ನು ಉಳಿಸಿ ವೀರ್ಯನಾಳವಾಗಿಸುತ್ತದೆ. ಸೆರ್ಟೋಲಿ ಕೋಶಗಳ ಎಎಂಎಚ್ ಮ್ಯುಲ್ಲರ್ ನಾಳವನ್ನು ತೆಗೆಯುತ್ತದೆ. ಎಂಟನೆಯ ವಾರದಲ್ಲಿ ತೊಡಗಿ ಹತ್ತನೆಯ ವಾರದ ಆಸುಪಾಸಿನಲ್ಲಿ ಈ ಕೆಲಸ ಮುಗಿಯುತ್ತದೆ. ತಡವಾಗಿ ಬಂದ ಎಎಂಎಚ್‌ಗೆ ನಾಳ ಕಿವಿಗೊಡುವುದಿಲ್ಲ. ಹೆಣ್ಣು ಭ್ರೂಣದ ಅಂಡಾಶಯ ಗರ್ಭದ ಕೊನೆಯ ವಾರಗಳಲ್ಲಿ ಸ್ವಲ್ಪ ಎಎಂಎಚ್ ತಯಾರಿಸತೊಡಗಿದರೂ ಗರ್ಭಕೋಶಕ್ಕೆ ಅಪಾಯವಾಗದಿರುವುದು ಇದರಿಂದಲೇ.

ಅಳಿಸುವಿಕೆ ಪೂರ್ತಿ ಚೊಕ್ಕಟವಲ್ಲ. ಗಂಡಸರಲ್ಲಿ ವೃಷಣದ ನೆತ್ತಿಯ ಮೇಲೆ ಕಾಳಿನಷ್ಟು ಒಂದು ಚೂರು, ಪ್ರಾಸ್ಟೇಟ್ ಗ್ರಂಥಿಯೊಳಗೆ ಒಂದು ಪುಟ್ಟ ಚೀಲ ಉಳಿದಿರುತ್ತವೆ. ಶಾಲೆಗೆ ಹೋಗುವ ಹುಡುಗನಿಗೆ ಇದ್ದಕ್ಕಿದ್ದಂತೆ ವೃಷಣದಲ್ಲಿ ನೋವು ಬಂದು, ಶಸ್ತ್ರವೈದ್ಯರು ನೋಡಿ ‘ಸಣ್ಣ ಉಳಿಕೆ ತಿರುಚಿಕೊಂಡಿದೆ, ಹೆದರಬೇಡಿ’ ಎಂದರೆ, ಆ ಉಳಿಕೆ ಅವನ ಆಗದೆಹೋದ ಗರ್ಭಕೋಶ ವ್ಯವಸ್ಥೆಯ ತುದಿ.

ಊರಕೋಳಿಯನ್ನು ಹಸನು ಮಾಡಿದವರಿಗೆ ಇನ್ನೊಂದು ಉಳಿಕೆಯ ಪರಿಚಯವಿರುತ್ತದೆ: ಹೇಂಟೆಯ ಹೊಟ್ಟೆಯಲ್ಲಿ ಮೊಟ್ಟೆಯ ಗೊಂಚಲು, ಮೊಟ್ಟೆ ಇಳಿಯುವ ಕೊಳವೆ ಎರಡೂ ಎಡಗಡೆಗೆ ಮಾತ್ರ. ಹೆಣ್ಣು ಮರಿಯ ಅಂಡಾಶಯವೂ ಮೊಟ್ಟೆಯೊಳಗಿರುವಾಗಲೇ ಎಎಂಎಚ್ ಸೂಸುತ್ತದೆ. ಬಲಗಡೆಯ ನಾಳ ಅದಕ್ಕೆ ಶರಣಾಗುತ್ತದೆ, ಎಡಗಡೆಯದನ್ನು ಈಸ್ಟ್ರೋಜನ್ ಕಾಪಾಡುತ್ತದೆ.

ಗೊಡ್ಡು ಕರುವಿನಿಂದ ಮೊಲದವರೆಗೆ

ಈ ಹಾರ್ಮೋನಿನ ಚರಿತ್ರೆ ದನದ ಕೊಟ್ಟಿಗೆಯಲ್ಲಿ ತೊಡಗುತ್ತದೆ. ಹಸು ಅವಳಿ ಹಾಕಿ, ಒಂದು ಹೋರಿಗರು ಮತ್ತೊಂದು ಹೆಣ್ಗರು ಆದರೆ, ಆ ಹೆಣ್ಗರು ಬಹುಮಟ್ಟಿಗೆ ಗೊಡ್ಡು. ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಸಲ ಹೀಗಾಗುತ್ತದೆ. ಲಂಡನ್ನಿನ ಅಂಗರಚನಾಶಾಸ್ತ್ರಜ್ಞ ಜಾನ್ ಹಂಟರ್ 1779ರಲ್ಲಿ ಇಂಥ ಕರುಗಳನ್ನು ಕೊಯ್ದು ನೋಡಿ ಬರೆದಿದ್ದ. ಕಾರಣ ಹೊಳೆದದ್ದು 20ನೆಯ ಶತಮಾನದಲ್ಲಿ. ಷಿಕಾಗೋದ ಫ್ರಾಂಕ್ ಲಿಲ್ಲಿ ಕಸಾಯಿಖಾನೆಗಳಿಂದ ತರಿಸಿದ ಅವಳಿ ಭ್ರೂಣಗಳನ್ನು ಪರೀಕ್ಷಿಸಿ, ಎರಡೂ ಕರುಗಳ ಮಾಸಿನ ರಕ್ತನಾಳಗಳು ಕೂಡಿಕೊಂಡಿರುವುದನ್ನು 1916ರಲ್ಲಿ ತೋರಿಸಿದ. ಗಂಡಿನ ರಕ್ತದಲ್ಲಿ ಹರಿದುಬಂದ ಏನೋ ಒಂದು ಹೆಣ್ಣಿನ ಗರ್ಭಕೋಶವನ್ನು ಕೆಡಿಸುತ್ತಿದೆ ಎಂಬುದು ಅವನ ತೀರ್ಮಾನ. ಆ ‘ಏನೋ ಒಂದು’ ಟೆಸ್ಟೋಸ್ಟೆರೋನ್ ಇರಬೇಕೆಂದು ಬಹುಕಾಲ ನಂಬಲಾಗಿತ್ತು. ನಂಬಿಕೆಯಲ್ಲಿ ಒಂದು ತೂತಿತ್ತು: ಗರ್ಭದಲ್ಲಿರುವ ಹೆಣ್ಣು ಕರುವಿಗೆ ಟೆಸ್ಟೋಸ್ಟೆರೋನ್ ಕೊಟ್ಟರೆ ಹೊರ ಅಂಗಗಳು ಗಂಡಾಗಿ ತಿರುಗುತ್ತವೆ, ಗರ್ಭಕೋಶ ಮಾತ್ರ ಅಳಿಯದು, ಗೊಡ್ಡು ಅವಳಿಯಲ್ಲಿ ಸರಿಯಾಗಿ ಅದರ ತಿರುಗಾಮುರುಗಾ.

ಗಂಟು ಬಿಡಿಸಿದವರು ಪ್ಯಾರಿಸ್ಸಿನ ಆಲ್‌ಫ್ರೆಡ್ ಜೋಸ್ಟ್. 1947ರಲ್ಲಿ ಪ್ರಕಟವಾದ ಅವರ ಪ್ರಯೋಗಗಳಿಗೆ ಬೇಕಾದದ್ದು ಕೈಚಳಕ ಮತ್ತು ತಾಳ್ಮೆ. ತಾಯಿ ಮೊಲದ ಹೊಟ್ಟೆ ತೆರೆದು, ಒಳಗಿನ ಮರಿಯ ವೃಷಣವನ್ನು ತೆಗೆದು, ಮತ್ತೆ ಹೊಲಿದು, ಗರ್ಭ ಮುಂದುವರಿಯುವಂತೆ ನೋಡಿಕೊಳ್ಳಬೇಕು. ವೃಷಣವಿಲ್ಲದ ಮರಿ, ವರ್ಣತಂತು ಯಾವುದೇ ಇರಲಿ, ಗರ್ಭಕೋಶ ಪಡೆದು ಹೆಣ್ಣಿನ ರೂಪದಲ್ಲಿ ಬೆಳೆಯಿತು. ವೃಷಣದ ಜಾಗದಲ್ಲಿ ಟೆಸ್ಟೋಸ್ಟೆರೋನ್ ಹರಳು ಇಟ್ಟಾಗ ವೋಲ್ಫ್ ನಾಳ ಉಳಿಯಿತು, ಮ್ಯುಲ್ಲರ್ ನಾಳವೂ ಉಳಿಯಿತು. ಒಂದೇ ಪಕ್ಕದ ವೃಷಣ ತೆಗೆದರೆ ಆ ಪಕ್ಕದ ನಾಳ ಮಾತ್ರ ಉಳಿಯಿತು. ಅಂದಮೇಲೆ ವೃಷಣದಿಂದ ಎರಡನೆಯ ಒಂದು ವಸ್ತು ಹೊರಡುತ್ತದೆ, ಅದು ಹತ್ತಿರದಲ್ಲೇ ಬಲವಾಗಿ ಕೆಲಸ ಮಾಡುತ್ತದೆ. ರಸಾಯನ ಗೊತ್ತಿಲ್ಲದೆ, ಕತ್ತರಿ ಮತ್ತು ಸೂಜಿಯಿಂದಲೇ ಹೊಸದೊಂದು ಹಾರ್ಮೋನನ್ನು ತೋರಿಸಿಕೊಟ್ಟ ಈ ಪ್ರಯೋಗಮಾಲೆ ಜೀವವಿಜ್ಞಾನದ ಅತ್ಯಂತ ಚೆಂದದ ತರ್ಕಗಳಲ್ಲೊಂದು ಎಂಬುದು ಈ ಲೇಖಕನ ಅಭಿಪ್ರಾಯ.

ವಸ್ತುವನ್ನು ಕೈಗೆ ಹಿಡಿಯಲು ಇನ್ನೂ ಸುಮಾರು ನಾಲ್ಕು ದಶಕ ಬೇಕಾಯಿತು. 1969ರಲ್ಲಿ ರೆಜೀನ್ ಪಿಕೋನ್ ಇಲಿ ಭ್ರೂಣದ ನಾಳವನ್ನು ಗಾಜಿನ ಬಟ್ಟಲಲ್ಲಿ ವೃಷಣದ ಜೊತೆ ಬೆಳೆಸಿ, ಅದು ಕರಗುವುದನ್ನು ಅಳೆಯುವ ವಿಧಾನ ಕಂಡುಕೊಂಡರು. ಆಮೇಲೆ ಪ್ಯಾರಿಸ್ಸಿನಲ್ಲಿ ನಥಾಲಿ ಜೊಸ್ಸೊ, ಬಾಸ್ಟನ್ನಿನಲ್ಲಿ ಮಕ್ಕಳ ಶಸ್ತ್ರವೈದ್ಯೆ ಪೆಟ್ರೀಷಿಯಾ ಡೊನಹೋ ಕರುಗಳ ವೃಷಣಗಳನ್ನು ರಾಶಿರಾಶಿಯಾಗಿ ಅರೆದು ಪ್ರೋಟೀನನ್ನು ಬೇರ್ಪಡಿಸಿದರು. 1986ರಲ್ಲಿ ರಿಚರ್ಡ್ ಕೇಟ್ ಮತ್ತು ಸಂಗಡಿಗರು ದನದ ಮತ್ತು ಮನುಷ್ಯನ ವಂಶವಾಹಿಗಳನ್ನು ಪ್ರತ್ಯೇಕಿಸಿದರು. ಬಾಸ್ಟನ್ನಿನ ಗುಂಪು ಇದನ್ನು ಬೇರೆಯೇ ಹೆಸರಿನಿಂದ ಕರೆಯುತ್ತಿತ್ತು. ಪ್ಯಾರಿಸ್ಸಿನ ಹೆಸರು ಗೆದ್ದಿತು.

ವಂಶವಾಹಿ ಮತ್ತು ಅದರ ಕಾವಲು

ಮನುಷ್ಯನಲ್ಲಿ ಎಎಂಎಚ್ ವಂಶವಾಹಿ 19ನೆಯ ವರ್ಣತಂತುವಿನ ಗಿಡ್ಡ ತೋಳಿನ ತುದಿಯಲ್ಲಿದೆ. ಐದೇ ಖಂಡಗಳ, ಮೂರು ಸಾವಿರ ಅಕ್ಷರಕ್ಕೂ ಕಡಿಮೆ ಉದ್ದದ ಪುಟ್ಟ ವಂಶವಾಹಿ. ಅದು ಲಿಂಗ ವರ್ಣತಂತುಗಳ ಮೇಲಿಲ್ಲ ಎಂಬುದನ್ನು ಗಮನಿಸಬೇಕು. ಗಂಡಿಗೂ ಹೆಣ್ಣಿಗೂ ಅದರ ಎರಡೆರಡು ಪ್ರತಿಗಳಿವೆ. ಯಾರಲ್ಲಿ, ಯಾವಾಗ ಓದಬೇಕು ಎಂಬುದನ್ನು ತೀರ್ಮಾನಿಸುವುದು ಅದರ ಮುಂಭಾಗದಲ್ಲಿ ಕೂರುವ ಕಾವಲಿನ ಪ್ರೋಟೀನುಗಳು.

ಕಾವಲಿನ ಸರಪಣಿ ವೈ ವರ್ಣತಂತುವಿನಿಂದ ಶುರು. 1990ರಲ್ಲಿ ಲಂಡನ್ನಿನ ಸಂಶೋಧಕರು ಗುರುತಿಸಿದ ಎಸ್‌ಆರ್‌ವೈ ವಂಶವಾಹಿ ಕೆಲವೇ ಹೊತ್ತು ಬೆಳಗಿ, ಸಾಕ್ಸ್9 ಎಂಬುದನ್ನು ಎಬ್ಬಿಸುತ್ತದೆ. ಸಾಕ್ಸ್9 ಮೂಲಕೋಶಗಳನ್ನು ಸೆರ್ಟೋಲಿ ಕೋಶಗಳಾಗಿ ಮಾಡಿ, ನೇರವಾಗಿ ಎಎಂಎಚ್ ವಂಶವಾಹಿಯ ಮುಂಭಾಗಕ್ಕೆ ಹೋಗಿ ಕೂರುತ್ತದೆ. ಎಸ್‌ಎಫ್1, ಗಾಟಾ4, ಡಬ್ಲ್ಯುಟಿ1 ಎಂಬ ಬೇರೆ ಕಾವಲಿನ ಪ್ರೋಟೀನುಗಳು ಕೈಜೋಡಿಸುತ್ತವೆ. ಇವುಗಳಲ್ಲಿ ಯಾರ ಮಾತು ನಡೆಯುತ್ತದೆ? 1999ರಲ್ಲಿ ಇಲಿಗಳ ಮೇಲೆ ನಡೆದ ಒಂದು ನಾಜೂಕಿನ ಪ್ರಯೋಗ ಇದಕ್ಕೆ ಉತ್ತರ ಕೊಟ್ಟಿತು. ಸಾಕ್ಸ್9 ಕೂರುವ ಜಾಗವನ್ನಷ್ಟೇ ಕೆಡಿಸಿದಾಗ ಎಎಂಎಚ್ ಹೊರಡಲೇ ಇಲ್ಲ, ಗಂಡಿಲಿಗಳಲ್ಲಿ ಗರ್ಭಕೋಶ ಉಳಿಯಿತು. ಎಸ್‌ಎಫ್1 ಜಾಗವನ್ನು ಕೆಡಿಸಿದಾಗ ಎಎಂಎಚ್ ತಗ್ಗಿತು, ಆದರೂ ನಾಳ ಕರಗಲು ಸಾಕಾಯಿತು. ಒಂದು ದೀಪದ ಗುಂಡಿ, ಇನ್ನೊಂದು ಅದರ ಬೆಳಕನ್ನು ಏರಿಸಿ ಇಳಿಸುವ ತಿರುಪು.

ಹುಟ್ಟಿದ ಮೇಲೂ ಗಂಡುಮಕ್ಕಳ ರಕ್ತದಲ್ಲಿ ಎಎಂಎಚ್ ಹೆಚ್ಚೇ ಇರುತ್ತದೆ. ದನಿ ಒಡೆಯುವ ವಯಸ್ಸಿನಲ್ಲಿ ಟೆಸ್ಟೋಸ್ಟೆರೋನ್ ಏರಿ ಅದನ್ನು ಅದುಮುತ್ತದೆ. ಮಕ್ಕಳ ವೈದ್ಯರಿಗೆ ಇದು ಉಪಕಾರದ ಸಂಗತಿ. ಕೂಸಿನ ಚೀಲದಲ್ಲಿ ವೃಷಣಗಳು ಕೈಗೆ ಸಿಗದಿದ್ದಾಗ, ರಕ್ತದಲ್ಲಿ ಎಎಂಎಚ್ ಇದ್ದರೆ ಒಳಗೆಲ್ಲೋ ವೃಷಣ ಇದೆ ಎಂದೇ ಅರ್ಥ.

ಸಂಕೇತದ ದಾರಿ

ಎಎಂಎಚ್ 560 ಅಮೈನೋ ಆಮ್ಲಗಳ ಸರಪಣಿ. ಇಂಥ ಎರಡು ಸರಪಣಿಗಳು ಜೋಡಿಯಾಗಿ ಹೊರಬರುತ್ತವೆ. ಒಂದು ಕಿಣ್ವ ಅವನ್ನು ನಿಗದಿತ ಜಾಗದಲ್ಲಿ ಕತ್ತರಿಸಿದಾಗ ಮಾತ್ರ ಹಾರ್ಮೋನು ಚುರುಕಾಗುತ್ತದೆ. ಬಾಲದ ತುಂಡು ಗ್ರಾಹಕವನ್ನು ಹಿಡಿಯುತ್ತದೆ, ತಲೆಯ ಉದ್ದ ತುಂಡು ಅಲ್ಲಿಯವರೆಗೆ ಅದನ್ನು ಹೊತ್ತು ತರುತ್ತದೆ.

ಇದು ಟಿಜಿಎಫ್-ಬೀಟಾ ಎಂಬ ದೊಡ್ಡ ಕುಟುಂಬದ ಸದಸ್ಯ. ಮೂಳೆಯ ಬೆಳವಣಿಗೆಯಿಂದ ಹಿಡಿದು ಗಾಯ ಮಾಯುವವರೆಗೆ ನೂರೆಂಟು ಕೆಲಸ ಮಾಡುವ ಈ ಕುಟುಂಬದಲ್ಲಿ ಮೂವತ್ತಕ್ಕೂ ಹೆಚ್ಚು ಮಂದಿಯಿದ್ದಾರೆ, ಗ್ರಾಹಕಗಳು ಮಾತ್ರ ಹನ್ನೆರಡು. ಕೂಡುಕುಟುಂಬದ ಮನೆಯಲ್ಲಿದ್ದಂತೆ ಹೆಚ್ಚಿನವರು ಒಂದೇ ಬಾಗಿಲನ್ನು ಹಂಚಿಕೊಂಡು ಓಡಾಡುತ್ತಾರೆ. ಎಎಂಎಚ್‌ಗೆ ಮಾತ್ರ ಸ್ವಂತದ್ದೊಂದು ಬಾಗಿಲಿದೆ. ಅದು 1994ರಲ್ಲಿ ಗುರುತಾದ, 12ನೆಯ ವರ್ಣತಂತುವಿನಲ್ಲಿ ವಂಶವಾಹಿಯಿರುವ ಎರಡನೆಯ ಬಗೆಯ ಎಎಂಎಚ್ ಗ್ರಾಹಕ. ಆ ಬಾಗಿಲಲ್ಲಿ ಬೇರೆ ಯಾರೂ ನುಗ್ಗುವುದಿಲ್ಲ, ಎಎಂಎಚ್ ಬೇರೆ ಬಾಗಿಲಿಗೆ ಹೋಗುವುದಿಲ್ಲ. ಒಳಗೆ ಕಾಲಿಟ್ಟ ಮೇಲೆ ಹಜಾರ ಎಲ್ಲರದೂ: ಎಎಲ್‌ಕೆ2, ಎಎಲ್‌ಕೆ3 ಎಂಬ ಮೊದಲನೆಯ ಬಗೆಯ ಗ್ರಾಹಕಗಳು, ಅವು ರಂಜಕ ಅಂಟಿಸಿ ಎಬ್ಬಿಸುವ ಸ್ಮ್ಯಾಡ್ 1, 5, 8 ಪ್ರೋಟೀನುಗಳು. ಇವೇ ಕೋಶಕೇಂದ್ರಕ್ಕೆ ಹೋಗಿ ಬೇಕಾದ ವಂಶವಾಹಿಗಳನ್ನು ತೆರೆಯುವುದು.

ಕುತೂಹಲದ ಸಂಗತಿಯೆಂದರೆ, ಸಾಯುವ ಕೋಶಗಳಿಗೆ ಸುದ್ದಿ ನೇರ ತಲುಪುವುದಿಲ್ಲ. ಗ್ರಾಹಕವಿರುವುದು ನಾಳದ ಒಳಪದರದಲ್ಲಲ್ಲ, ಅದನ್ನು ಸುತ್ತಿದ ಸಡಿಲ ಊತಕದಲ್ಲಿ. ಒಳಪದರ ಸೂಸುವ ವಿಂಟ್7ಎ ಎಂಬ ಸಂಕೇತವೇ ಹೊರ ಊತಕಕ್ಕೆ ಗ್ರಾಹಕ ಮೂಡಿಸು ಎನ್ನುತ್ತದೆ. ಹೊರ ಊತಕ ಎಎಂಎಚ್ ಹಿಡಿದು ಒಳಪದರವನ್ನೇ ಇಲ್ಲವಾಗಿಸುತ್ತದೆ. ಕೆಲವು ಕೋಶಗಳು ಸಾಯುತ್ತವೆ, ಕೆಲವು ಸ್ವಭಾವ ಬದಲಿಸಿ ಸುತ್ತಲಿನ ಊತಕದಲ್ಲಿ ಬೆರೆತುಹೋಗುತ್ತವೆ. ಅಳಿವು ತಲೆಯ ಕಡೆಯಿಂದ ಬಾಲದ ಕಡೆಗೆ ಸಾಗುತ್ತದೆ.

ಅಳಿಯದೆ ಉಳಿದಾಗ

‘ಗಂಡಸಿನ ಹೊಟ್ಟೆಯಲ್ಲಿ ಗರ್ಭಕೋಶ!’ ಎಂಬ ತಲೆಬರಹ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಅದರ ಹಿಂದೆ ಬಹುಪಾಲು ಇರುವುದು ಮ್ಯುಲ್ಲರ್ ನಾಳ ಉಳಿಕೆಯ ಸ್ಥಿತಿ. ತೊಡೆಸಂದಿಯ ಅಂಡವಾಯುವಿಗೆಂದೋ, ಕೆಳಗಿಳಿಯದ ವೃಷಣಕ್ಕೆಂದೋ ಶಸ್ತ್ರಚಿಕಿತ್ಸೆಗೆ ಬಂದ ಹುಡುಗ ಅಥವಾ ಮಕ್ಕಳೊಂದಿಗನಾದ ಗೃಹಸ್ಥ. ತೆರೆದು ನೋಡಿದರೆ ಚಿಕ್ಕ ಗರ್ಭಕೋಶ, ಅಂಡನಾಳಗಳು. ಕೆಲವೊಮ್ಮೆ ಎರಡೂ ವೃಷಣಗಳು ಒಂದೇ ಪಕ್ಕಕ್ಕೆ ಎಳೆದುಕೊಂಡಿರುತ್ತವೆ. ವರ್ಣತಂತು 46,ಎಕ್ಸ್‌ವೈ, ಮೀಸೆ, ದನಿ, ಶಿಶ್ನ ಎಲ್ಲ ಗಂಡಸಿನದೇ, ಏಕೆಂದರೆ ಟೆಸ್ಟೋಸ್ಟೆರೋನಿಗೆ ಏನೂ ಆಗಿಲ್ಲ. ಇಲ್ಲಿ ಹೆಚ್ಚುವರಿಯಾಗಿ ಏನೂ ಹುಟ್ಟಿಕೊಂಡಿಲ್ಲ, ಎಲ್ಲ ಭ್ರೂಣಗಳಲ್ಲೂ ಇದ್ದದ್ದು ಹೋಗಿಲ್ಲ, ಅಷ್ಟೆ. ಆ ತಲೆಬರಹದ ಆಶ್ಚರ್ಯಸೂಚಕ ಚಿಹ್ನೆ ಈ ತಿಳಿವಳಿಕೆಯಿಂದ ತಾನಾಗಿ ಬಿದ್ದುಹೋಗಬೇಕು.

ಎಎಂಎಚ್ ವಂಶವಾಹಿಯಲ್ಲಿನ ದೋಷ ಮೊದಲು ವರದಿಯಾದದ್ದು 1991ರಲ್ಲಿ, ಮೊರಾಕ್ಕೊ ಮೂಲದ ಒಂದು ಕುಟುಂಬದಲ್ಲಿ. ಗ್ರಾಹಕದ ದೋಷ 1995ರಲ್ಲಿ. ಪರೀಕ್ಷಿಸಿದ ಕುಟುಂಬಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಹಾರ್ಮೋನು, ಉಳಿದವುಗಳಲ್ಲಿ ಹೆಚ್ಚಿನವಕ್ಕೆ ಗ್ರಾಹಕ ಕಾರಣ. ರಕ್ತ ಪರೀಕ್ಷೆಯಿಂದ ಎರಡನ್ನೂ ಬೇರೆಮಾಡಬಹುದು: ಹುಡುಗನಲ್ಲಿ ಎಎಂಎಚ್ ಇಲ್ಲವೇ ಇಲ್ಲವೆಂದರೆ ತಪ್ಪು ಹಾರ್ಮೋನಿನದು, ಧಾರಾಳವಾಗಿದ್ದೂ ಗರ್ಭಕೋಶ ಉಳಿದಿದ್ದರೆ ಬಾಗಿಲಿನದು. ಶಸ್ತ್ರಚಿಕಿತ್ಸೆಯಲ್ಲಿ ಅವಸರ ಕೂಡದು. ವೀರ್ಯನಾಳ ಗರ್ಭಕೋಶದ ಗೋಡೆಗೆ ಅಂಟಿಕೊಂಡೇ ಇಳಿಯುವುದರಿಂದ, ಗರ್ಭಕೋಶವನ್ನು ಸಾರಾಸಗಟು ಕಿತ್ತರೆ ಆ ಹುಡುಗನ ತಂದೆಯಾಗುವ ದಾರಿಯೂ ಅದರ ಜೊತೆ ಹೋಗುತ್ತದೆ. ಒಳಗುಳಿದ ವೃಷಣವನ್ನು ಕೆಳಗಿಳಿಸುವುದು ಮೊದಲ ಕೆಲಸ. ಒಳಗೇ ಬಿಟ್ಟರೆ ಗಡ್ಡೆಯಾಗುವ ಅಪಾಯ ಹೆಚ್ಚು.

ಈ ಸ್ಥಿತಿ ಕಾಣಿಸಿಕೊಳ್ಳಲು ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬರಬೇಕು. ಇಲ್ಲಿ ಕರ್ನಾಟಕದ ಮದುವೆಯ ಪದ್ಧತಿಗಳು ಲೆಕ್ಕಕ್ಕೆ ಬರುತ್ತವೆ. ಅಕ್ಕನ ಮಗಳನ್ನೋ ಸೋದರತ್ತೆಯ ಮಗಳನ್ನೋ ತಂದುಕೊಳ್ಳುವುದು ರಾಜ್ಯದ ಅನೇಕ ಸಮುದಾಯಗಳಲ್ಲಿ ಹಕ್ಕಿನಂತೆ ನಡೆದುಬಂದಿದೆ. 1980ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್, ಎ. ರಾಧಾ ರಮಾದೇವಿ ಮತ್ತು ಬ್ರಿಟನ್ನಿನ ಅಲನ್ ಬಿಟಲ್ಸ್ ಬೆಂಗಳೂರು, ಮೈಸೂರುಗಳ ಆಸ್ಪತ್ರೆಗಳಲ್ಲಿ ಹುಟ್ಟಿದ ಲಕ್ಷದ ಆಸುಪಾಸಿನ ಶಿಶುಗಳ ಮಾಹಿತಿ ಕಲೆಹಾಕಿದಾಗ, ಸುಮಾರು ಮೂರರಲ್ಲಿ ಒಂದು ಮಗುವಿನ ತಂದೆತಾಯಿ ರಕ್ತಸಂಬಂಧಿಗಳಾಗಿದ್ದರು. ಸೋದರಮಾವ ಅಕ್ಕನ ಮಗಳನ್ನು ತಂದುಕೊಳ್ಳುವ ಮದುವೆಯೇ ಅವುಗಳಲ್ಲಿ ಮುಂದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೂ ಕರ್ನಾಟಕದ ಪಾಲು ಕಾಲು ಭಾಗಕ್ಕಿಂತ ಮೇಲೇ ಇತ್ತು. ದೇಶದ ಸರಾಸರಿ ಶೇ. 11. ಉತ್ತರ ಕನ್ನಡದಲ್ಲಿ ಇದು ಜಾತಿಯಿಂದ ಜಾತಿಗೆ, ಕೇರಿಯಿಂದ ಕೇರಿಗೆ ಬದಲಾಗುತ್ತದೆ. ಗೋತ್ರ ನೋಡುವವರ ಪಕ್ಕದಲ್ಲೇ ಸೋದರಿಕೆ ಬಿಡದವರಿದ್ದಾರೆ.

ಲೆಕ್ಕ ಸರಳ. ಸಾವಿರ ಪ್ರತಿಗಳಲ್ಲಿ ಒಂದು ಕೆಟ್ಟಿದೆ ಎಂದು ಇಟ್ಟುಕೊಳ್ಳೋಣ. ಸಂಬಂಧವಿಲ್ಲದವರ ಮದುವೆಯಲ್ಲಿ ಎರಡೂ ಕೆಟ್ಟ ಪ್ರತಿಗಳು ಒಂದೇ ಮಗುವಿಗೆ ಬರುವ ಸಂಭವ 10 ಲಕ್ಷಕ್ಕೆ ಒಂದು. ಸೋದರಮಾವ ಅಕ್ಕನ ಮಗಳನ್ನು ಮದುವೆಯಾದರೆ ಅದು ಸುಮಾರು 8,000ಕ್ಕೆ ಒಂದು; ಸೋದರತ್ತೆಯ ಮಗಳಾದರೆ ಸುಮಾರು 16,000ಕ್ಕೆ ಒಂದು. ಮಗು ಗಂಡಾಗಿದ್ದರೆ ಮಾತ್ರ ಗರ್ಭಕೋಶ ಉಳಿದ ಸ್ಥಿತಿ ಕಾಣುತ್ತದೆ. ಅಪರೂಪದ ಕಾಯಿಲೆ ಮನೆತನದ ಕಾಯಿಲೆಯಾಗುವ ಬಗೆ ಇದು. ಹಾಗೆಂದು ಪ್ರತಿ ಸೋದರಿಕೆಯ ಮದುವೆಗೂ ಹೆದರಬೇಕಿಲ್ಲ. 16,000ಕ್ಕೆ ಒಂದು ಎಂದರೆ ಉಳಿದ 15,999 ಸರಿಯಾಗಿವೆ.

ಇದರ ಕನ್ನಡಿಬಿಂಬದಂಥ ಸ್ಥಿತಿಯೂ ಇದೆ. ಟೆಸ್ಟೋಸ್ಟೆರೋನಿನ ಗ್ರಾಹಕ ಪೂರ್ತಿ ಕೆಟ್ಟ 46,ಎಕ್ಸ್‌ವೈ ಮಗು ಹೆಣ್ಣಾಗಿ ಹುಟ್ಟಿ, ಹೆಣ್ಣಾಗಿ ಬೆಳೆಯುತ್ತದೆ. ಮೈನೆರೆಯುವ ವಯಸ್ಸು ಕಳೆದರೂ ಮುಟ್ಟಾಗದಿದ್ದಾಗ ತಪಾಸಣೆ ಮಾಡಿದರೆ ಗರ್ಭಕೋಶವಿಲ್ಲ. ಒಳಗಿನ ವೃಷಣದ ಎಎಂಎಚ್ ತನ್ನ ಕೆಲಸ ಮಾಡಿ ಮುಗಿಸಿರುತ್ತದೆ. ಎಕ್ಸ್‌ಎಕ್ಸ್ ವರ್ಣತಂತುವಿದ್ದೂ ಗರ್ಭಕೋಶವಿಲ್ಲದೆ ಹುಟ್ಟುವ ಹೆಣ್ಣುಮಕ್ಕಳು ಸುಮಾರು 5,000ಕ್ಕೆ ಒಬ್ಬರು. ಅವರಲ್ಲಿ ಎಎಂಎಚ್ ಅಕಾಲದಲ್ಲಿ ಹೊರಟಿತ್ತೇ ಎಂದು ಹುಡುಕಿದವರಿಗೆ ಸಾಕ್ಷ್ಯ ಸಿಕ್ಕಿಲ್ಲ. ಇಂಥ ಸುದ್ದಿ ಕೇಳಿದ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ ‘ಹಾಗಾದರೆ ಇವಳು ಹೆಣ್ಣಲ್ಲವೇ?’ ಎಂಬುದು. ವರ್ಣತಂತು, ಗ್ರಂಥಿ, ನಾಳ, ಹೊರ ಅಂಗ, ಮನಸ್ಸು ಬೇರೆ ಬೇರೆ ಹೊತ್ತಿನಲ್ಲಿ ಬೇರೆ ಬೇರೆ ಸಂಕೇತಗಳಿಂದ ರೂಪುಗೊಂಡಿರುವಾಗ, ಒಂದು ರಕ್ತಪರೀಕ್ಷೆಯ ಹಾಳೆಗೆ ಆ ಪ್ರಶ್ನೆಯ ಉತ್ತರ ಹೇಳುವ ಅಧಿಕಾರವಿಲ್ಲ.

ಹೆಣ್ಣಿನ ರಕ್ತದಲ್ಲಿ

ಇಂದು ಎಎಂಎಚ್ ಹೆಸರು ಹೆಚ್ಚು ಕೇಳಿಬರುವುದು ಗಂಡಿಗೆ ಸಂಬಂಧಿಸಿ ಅಲ್ಲ. ಹೆಣ್ಣುಮಗು ತನ್ನ ಜೀವಮಾನದ ಅಂಡಗಳನ್ನೆಲ್ಲ ಹೊತ್ತೇ ಹುಟ್ಟುತ್ತದೆ. ಅವು ತಂಡತಂಡವಾಗಿ ಎಚ್ಚರಗೊಂಡು ಬೆಳೆಯತೊಡಗುತ್ತವೆ. ಹೀಗೆ ಎದ್ದ ಚಿಕ್ಕ ಕೋಶಕಗಳು ಎಎಂಎಚ್ ಸೂಸಿ, ಮಲಗಿರುವ ಉಳಿದವುಗಳಿಗೆ ‘ಈಗಲೇ ಏಳಬೇಡಿ’ ಎನ್ನುತ್ತವೆ. ಎಎಂಎಚ್ ಇಲ್ಲದ ಹೆಣ್ಣಿಲಿಗಳಲ್ಲಿ ದಾಸ್ತಾನು ಬೇಗ ಬರಿದಾಗುವುದನ್ನು 1999ರಲ್ಲಿ ನೆದರ್‌ಲೆಂಡ್ಸ್‌ನ ತಂಡವೊಂದು ತೋರಿಸಿತು. ಚಿಕ್ಕ ಕೋಶಕಗಳೆಷ್ಟಿವೆಯೋ ರಕ್ತದಲ್ಲಿ ಎಎಂಎಚ್ ಅಷ್ಟು. ಮಲಗಿರುವವುಗಳ ಸಂಖ್ಯೆಗೆ ಅದು ಪರೋಕ್ಷ ಗುರುತು. ಇಪ್ಪತ್ತೈದರ ಸುಮಾರಿಗೆ ತುತ್ತತುದಿ ಮುಟ್ಟಿ, ಮುಟ್ಟು ನಿಲ್ಲುವ ಹೊತ್ತಿಗೆ ಅಳತೆಗೆ ಸಿಗದಷ್ಟು ಇಳಿಯುತ್ತದೆ.

ಉತ್ತರ ಕನ್ನಡದವರಿಗೆ ಈ ಪರೀಕ್ಷೆಯಲ್ಲಿ ಒಂದು ಅನುಕೂಲವಿದೆ. ಅಂಡಗಳ ದಾಸ್ತಾನು ಅಂದಾಜಿಸುವ ಬೇರೆ ಹಾರ್ಮೋನು ಪರೀಕ್ಷೆಗಳನ್ನು ಸಾಮಾನ್ಯವಾಗಿ ಮುಟ್ಟಿನ ಎರಡನೆಯ, ಮೂರನೆಯ ದಿನವೇ ಮಾಡಿಸಬೇಕು. ಎಎಂಎಚ್ ತಿಂಗಳಲ್ಲಿ ಹೆಚ್ಚು ಏರಿಳಿಯದ ಕಾರಣ ಯಾವ ದಿನ ರಕ್ತ ಕೊಟ್ಟರೂ ನಡೆಯುತ್ತದೆ. ದೊಡ್ಡ ಚಿಕಿತ್ಸೆಗೆ ಮಣಿಪಾಲ, ಹುಬ್ಬಳ್ಳಿ ಅಥವಾ ಗೋವೆಯ ದಾರಿ ಹಿಡಿಯುವ ಜಿಲ್ಲೆಯಿದು. ಕಾರವಾರದಲ್ಲಿ ವೈದ್ಯಕೀಯ ಕಾಲೇಜು ಬಂದ ಮೇಲೂ, ಸುಸಜ್ಜಿತ ಆಸ್ಪತ್ರೆ ಬೇಕೆಂದು 2019ರಲ್ಲಿ ಜಾಲತಾಣಗಳಲ್ಲಿ ಜಿಲ್ಲೆಯ ಜನ ದೊಡ್ಡ ಅಭಿಯಾನವನ್ನೇ ನಡೆಸಿದರು. ಇಂಥ ಕಡೆ ತಾರೀಕು ನೋಡಿ ಬಸ್ಸು ಹತ್ತಬೇಕಿಲ್ಲ ಎನ್ನುವುದು ಸಣ್ಣ ಮಾತಲ್ಲ.

ಅನುಕೂಲಕ್ಕೆ ತಕ್ಕ ಅಪಾರ್ಥವೂ ಬೆಳೆದಿದೆ. ವರದಿಯಲ್ಲಿ ಅಂಕಿ ಕಡಿಮೆ ಬಂದರೆ ‘ಮೊಟ್ಟೆ ಖಾಲಿಯಾಗಿದೆಯಂತೆ’ ಎಂಬ ಮಾತು ಜಗಲಿಯಿಂದ ಜಗಲಿಗೆ ಹೋಗುತ್ತದೆ. ಎಎಂಎಚ್ ಅಂಡಗಳ ಎಣಿಕೆಯನ್ನು ಸೂಚಿಸುತ್ತದೆ, ಗುಣವನ್ನು ಹೇಳದು. ಅಮೆರಿಕದಲ್ಲಿ, ಬಂಜೆತನದ ಇತಿಹಾಸವಿಲ್ಲದ 30ರಿಂದ 44 ವಯಸ್ಸಿನ 750 ಹೆಂಗಸರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎಎಂಎಚ್ ಕಡಿಮೆಯಿದ್ದವರೂ ಸರಿಯಿದ್ದವರಷ್ಟೇ ಸಹಜವಾಗಿ ಬಸಿರಾದರು. ತಿಂಗಳಿಗೆ ಬೇಕಾದದ್ದು ಒಂದೇ ಅಂಡ ತಾನೇ. ಪರೀಕ್ಷೆಯ ನಿಜವಾದ ಉಪಯೋಗ ಪ್ರನಾಳ ಶಿಶು ಚಿಕಿತ್ಸೆಯಲ್ಲಿ: ಚುಚ್ಚುಮದ್ದಿಗೆ ಎಷ್ಟು ಅಂಡಗಳು ಸಿಕ್ಕಾವು, ಮದ್ದಿನ ಪ್ರಮಾಣ ಎಷ್ಟಿರಬೇಕು ಎಂದು ಅಂದಾಜಿಸಲು. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅಂಕಿ ಇಳಿದಿರುತ್ತದೆ. ಒಂದು ಪ್ರಯೋಗಾಲಯದ ಕಿಟ್ಟಿನ ಅಂಕಿ ಇನ್ನೊಂದರದಕ್ಕೆ ಹೊಂದುವುದಿಲ್ಲ. ಎರಡು ಊರುಗಳ ವರದಿ ಪಕ್ಕಪಕ್ಕ ಇಟ್ಟು ‘ಆರು ತಿಂಗಳಲ್ಲಿ ಅರ್ಧ ಇಳಿಯಿತು’ ಎಂದು ಗಾಬರಿಯಾಗುವ ಮೊದಲು ಇದನ್ನು ನೆನೆಯಬೇಕು.

ಅಂಕಿ ಮೇಲಿರುವುದೂ ಯಾವಾಗಲೂ ಒಳ್ಳೆಯ ಸುದ್ದಿಯಲ್ಲ. ಪಿಸಿಓಡಿ ಎಂದು ಕಾಲೇಜು ಹುಡುಗಿಯರಿಗೂ ಗೊತ್ತಿರುವ ಸ್ಥಿತಿಯಲ್ಲಿ, ಅರ್ಧಕ್ಕೆ ನಿಂತ ಚಿಕ್ಕ ಕೋಶಕಗಳು ಗುಂಪುಗೂಡಿ ಎಎಂಎಚ್ ಎರಡು ಮೂರು ಪಟ್ಟು ಏರಿರುತ್ತದೆ. 2023ರ ಅಂತರರಾಷ್ಟ್ರೀಯ ಮಾರ್ಗಸೂಚಿ ವಯಸ್ಕರ ರೋಗನಿರ್ಣಯದಲ್ಲಿ ಸ್ಕ್ಯಾನಿಂಗಿಗೆ ಬದಲಾಗಿ ಎಎಂಎಚ್ ಪರೀಕ್ಷೆಯನ್ನೂ ಒಪ್ಪಿಕೊಂಡಿತು. ಮಿದುಳಿನ ತಳದಲ್ಲಿರುವ, ಸಂತಾನ ಹಾರ್ಮೋನುಗಳಿಗೆ ಚಾಲನೆ ಕೊಡುವ ನರಕೋಶಗಳ ಮೇಲೂ ಎಎಂಎಚ್ ಗ್ರಾಹಕಗಳಿವೆ. ಬಸುರಿ ಇಲಿಗಳಿಗೆ ಎಎಂಎಚ್ ಕೊಟ್ಟಾಗ ಹುಟ್ಟಿದ ಹೆಣ್ಣುಮರಿಗಳಲ್ಲಿ ಪಿಸಿಓಡಿಯಂಥ ಲಕ್ಷಣ ಕಂಡದ್ದು 2018ರಲ್ಲಿ ವರದಿಯಾಯಿತು. ತಾಯಿಯಿಂದ ಮಗಳಿಗೆ ಈ ತೊಂದರೆ ಇಳಿದುಬರುವುದಕ್ಕೆ ವಂಶವಾಹಿಯಷ್ಟೇ ಕಾರಣವಲ್ಲದಿರಬಹುದು ಎಂಬ ಗುಮಾನಿ ಅಲ್ಲಿಂದ ಗಟ್ಟಿಯಾಗಿದೆ.

ನಾಳವೇ ಇಲ್ಲದ ಮೀನುಗಳಲ್ಲಿ

ಬಂಗುಡೆ, ತಾರ್ಲೆ, ಚೋಣಕ್ ಮೊದಲಾದ ಮುಳ್ಳುಮೀನುಗಳಿಗೆ ಮ್ಯುಲ್ಲರ್ ನಾಳವೇ ಇಲ್ಲ. ಎಎಂಎಚ್ ಮಾತ್ರ ಇದೆ. ಕರಗಿಸಲು ನಾಳವಿಲ್ಲದ ಕಡೆ ಅದು ಏನು ಮಾಡುತ್ತಿದೆ?

ಉತ್ತರದ ಒಂದು ತುದಿ ಜಪಾನಿನ ಗದ್ದೆಗಳ ಮೆಡಾಕಾ ಮೀನಿನಲ್ಲಿ ಸಿಕ್ಕಿತು. ಎಎಂಎಚ್ ಗ್ರಾಹಕ ಕೆಟ್ಟ ಒಂದು ತಳಿಯಲ್ಲಿ ಬೀಜಕೋಶಗಳು ಲಂಗುಲಗಾಮಿಲ್ಲದೆ ಹೆಚ್ಚಿ ಹೊಟ್ಟೆ ಉಬ್ಬಿಕೊಂಡಿತು. ಎಕ್ಸ್‌ವೈ ಗಂಡುಗಳಲ್ಲಿ ಸುಮಾರು ಅರ್ಧ ಹೆಣ್ಣಾಗಿ ತಿರುಗಿದವು. 2007ರಲ್ಲಿ ವರದಿಯಾದ ಈ ತಳಿಗೆ ಜಪಾನೀಯರು ತಮ್ಮ ಡೊಳ್ಳುಹೊಟ್ಟೆಯ ನಗುಮುಖದ ದೇವರ ಹೆಸರಿಟ್ಟರು: ಹೊತೆಯಿ. ಕನ್ನಡದ ಕಿವಿಗೆ ಅರ್ಥ ಹೇಳಿಕೊಡಬೇಕಾಗಿಲ್ಲ. ಬೀಜಕೋಶಗಳ ಹೆಚ್ಚಳವನ್ನು ತಡೆದು ಹಿಡಿಯುವುದೇ ಎಎಂಎಚ್‌ನ ಹಳೆಯ ಕಸುಬು ಎಂದು ಇದರಿಂದ ತೋರುತ್ತದೆ. ಹೆಣ್ಣಿನ ಅಂಡಾಶಯದಲ್ಲಿ ಇಂದಿಗೂ ಅದು ಮಾಡುತ್ತಿರುವುದು ಅದನ್ನೇ. ನಾಳ ಕರಗಿಸುವುದು ಆಮೇಲೆ ಹೊತ್ತುಕೊಂಡ ಹೆಚ್ಚುವರಿ ಜವಾಬ್ದಾರಿ ಇರಬೇಕು.

ಕೆಲವು ಮೀನುಗಳಲ್ಲಿ ಅದು ಇನ್ನೂ ಮೇಲೇರಿ, ಮನುಷ್ಯನ ಎಸ್‌ಆರ್‌ವೈ ಕುಳಿತ ಗಾದಿಯಲ್ಲೇ ಕುಳಿತಿದೆ. ದಕ್ಷಿಣ ಅಮೆರಿಕದ ಪೆಹೆರೆಯಿ ಎಂಬ ಮೀನಿನಲ್ಲಿ ಎಎಂಎಚ್ ವಂಶವಾಹಿಯ ಒಂದು ನಕಲು ವೈ ವರ್ಣತಂತುವಿಗೆ ಸೇರಿ, ಗಂಡುತನವನ್ನು ತಾನೇ ತೀರ್ಮಾನಿಸುತ್ತದೆ ಎಂದು 2012ರಲ್ಲಿ ಗೊತ್ತಾಯಿತು. ಕರ್ನಾಟಕದ ಕೆರೆಗಳಲ್ಲಿ ಜಿಲೇಬಿ ಎಂದು ಮಾರಾಟವಾಗುವ ತಿಲಾಪಿಯಾಗಳ ಪೈಕಿ ನೈಲ್ ತಿಲಾಪಿಯಾದಲ್ಲೂ ಹಾಗೆಯೇ ಎಂದು 2015ರಲ್ಲಿ ಚೀನಾದ ಸಂಶೋಧಕರು ತೋರಿಸಿದರು: ವೈ ಮೇಲಿನ ಪ್ರತಿಯನ್ನು ಕತ್ತರಿಸಿದರೆ ಗಂಡಾಗಬೇಕಾದದ್ದು ಹೆಣ್ಣಾಯಿತು, ಹೆಣ್ಣಿಗೆ ಆ ಪ್ರತಿ ಸೇರಿಸಿದರೆ ಗಂಡಾಯಿತು. ಜಪಾನಿನ ವಿಷದ ಫುಗು ಮೀನಿನಲ್ಲಿ ವೈ ವರ್ಣತಂತು ಎನ್ನುವಂಥದ್ದೇ ಇಲ್ಲವೆನ್ನಬೇಕು. ಎಎಂಎಚ್ ಗ್ರಾಹಕದ ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರದ ವ್ಯತ್ಯಾಸ ಗಂಡು–ಹೆಣ್ಣನ್ನು ಬೇರೆಮಾಡುತ್ತದೆ. ಹೊಸ ಗಂಡುಗುರುತು ಬೇಕಾದಾಗಲೆಲ್ಲ ಪ್ರಕೃತಿ ಈ ಒಂದೇ ಪೆಟ್ಟಿಗೆಗೆ ಕೈಹಾಕುವುದು ಕಾಕತಾಳೀಯವಾಗಿರಲಾರದು.

ಅವರ್ಸಾದ ಉತ್ತರಕ್ಕೆ ಕಾಳಿ, ದಕ್ಷಿಣಕ್ಕೆ ಗಂಗಾವಳಿ ಸಮುದ್ರ ಸೇರುತ್ತವೆ. ಈ ಅಳಿವೆಗಳ ಚೋಣಕ್, ಸಾಕಣೆದಾರರ ಬಾಯಲ್ಲಿ ಸೀಬಾಸ್, ವರ್ಣತಂತುವಿನ ಹಂಗನ್ನೇ ಬಿಟ್ಟ ಮೀನು. ಅದು ಗಂಡಾಗಿ ಪ್ರೌಢವಾಗುತ್ತದೆ; ಕೆಲವು ವರ್ಷ ಹಾಗಿದ್ದು, ಮೈ ತುಂಬಿದ ಮೇಲೆ ಹೆಣ್ಣಾಗುತ್ತದೆ. ಆರೆಂಟು ವರ್ಷದ ಭಾರೀ ಮೀನು ಬಲೆಗೆ ಬಿದ್ದರೆ ಅದು ಬಹುಮಟ್ಟಿಗೆ ಹೆಣ್ಣೇ. ಹೆಚ್ಚು ಮೊಟ್ಟೆ ಹೊರಲು ದೊಡ್ಡ ಮೈ ಬೇಕು, ವೀರ್ಯಕ್ಕೆ ಚಿಕ್ಕ ಮೈಯೂ ಸಾಕು; ಲೆಕ್ಕಾಚಾರ ಅಷ್ಟೇ. ಲಿಂಗ ಬದಲಿಸುವ ಮೀನುಗಳಲ್ಲಿ ಸಾಮಾನ್ಯವಾಗಿ ಕಾಣುವ ಚಿತ್ರವೆಂದರೆ, ಗಂಡಿನ ಅವಸ್ಥೆಯಲ್ಲಿ ಎಎಂಎಚ್ ಮತ್ತು ಡಿಎಂಆರ್‌ಟಿ1 ವಂಶವಾಹಿಗಳು ಮುಂದಿದ್ದು, ಬದಲಾವಣೆಯ ಹೊತ್ತಿಗೆ ಅವು ಇಳಿದು, ಈಸ್ಟ್ರೋಜನ್ ತಯಾರಿಸುವ ಅರೋಮಟೇಸ್ ಕಿಣ್ವ ಏರುವುದು. ಗೊಬ್ರ ಎಂಬ ಕಲ್ಲುಮೀನು ಇದನ್ನೇ ತಿರುವಿ ಹಾಕಿ, ಹೆಣ್ಣಾಗಿ ಮೊದಲುಗೊಂಡು ಗಂಡಾಗುತ್ತದೆ.

ಇದು ಬರೀ ಕೌತುಕವಲ್ಲ. ಕಾರವಾರದಲ್ಲಿರುವ ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರ ಕಡಲಪಂಜರಗಳಲ್ಲಿ ಸೀಬಾಸ್ ಬೆಳೆಸುವುದನ್ನು ಇಲ್ಲಿನ ಮೀನುಗಾರರಿಗೆ ಪರಿಚಯಿಸಿದೆ. ಮರಿ ಬೇಕಾದರೆ ತಾಯಿಮೀನು ಬೇಕು, ತಾಯಿಮೀನಿಗಾಗಿ ವರ್ಷಗಟ್ಟಲೆ ಗಂಡುಮೀನನ್ನು ಸಾಕಿ ಕಾಯಬೇಕು. ಚೆನ್ನೈಯ ಉಪ್ಪುನೀರು ಜಲಕೃಷಿ ಸಂಸ್ಥೆ 1997ರಲ್ಲಿ ಸೆರೆಯಲ್ಲಿಟ್ಟ ಸೀಬಾಸ್‌ಗೆ ಹಾರ್ಮೋನು ಕೊಟ್ಟು ಮೊಟ್ಟೆಯಿಡಿಸುವಲ್ಲಿ ಗೆದ್ದ ಮೇಲೆಯೇ ಮರಿಗಳ ಪೂರೈಕೆ ಸರಾಗವಾದದ್ದು. ದೊಡ್ಡ ಚೋಣಕ್‌ಗೆ ಪೇಟೆಯಲ್ಲಿ ಬೆಲೆ ಹೆಚ್ಚು ಎಂದು ಅದನ್ನೇ ಆರಿಸಿ ಹಿಡಿದರೆ ಹೊಳೆಯಲ್ಲಿ ಉಳಿಯುವುದು ಗಂಡುಗಳ ಹಿಂಡು.

ಕಡಲತೀರದ ಮರಳಲ್ಲಿ ಇನ್ನೊಂದು ಕ್ರಮವಿದೆ. ಉತ್ತರ ಕನ್ನಡದ ದಂಡೆಗಳಿಗೆ ಮೊಟ್ಟೆಯಿಡಲು ಬರುವ ಆಲಿವ್ ರಿಡ್ಲೆ ಕಡಲಾಮೆಗಳಿಗೆ ಲಿಂಗ ವರ್ಣತಂತುಗಳಿಲ್ಲ. ಮರಳಿನ ಕಾವೇ ತೀರ್ಮಾನಿಸುತ್ತದೆ. ತಂಪಾದ ಗೂಡಿನಿಂದ ಗಂಡುಮರಿ, ಬಿಸಿ ಗೂಡಿನಿಂದ ಹೆಣ್ಣುಮರಿ. ಬೇರೆ ಆಮೆಗಳಲ್ಲಿ ನೋಡಿದಂತೆ, ಗಂಡು ಹುಟ್ಟುವ ಉಷ್ಣತೆಯಲ್ಲಿ ಎಎಂಎಚ್ ವಂಶವಾಹಿ ಬೇಗನೆ ಚುರುಕಾಗುತ್ತದೆ.

ಬೆಕ್ಕಿಗೆ ಒಂದು ಚುಚ್ಚುಮದ್ದು

ಅಂಡಾಶಯದಲ್ಲಿ ಕೋಶಕಗಳನ್ನು ಮಲಗಿಸುವ ಗುಣವನ್ನೇ ಔಷಧಿಯಾಗಿಸುವ ಪ್ರಯತ್ನಗಳು ನಡೆದಿವೆ. ಕ್ಯಾನ್ಸರ್ ಚಿಕಿತ್ಸೆಯ ವೇಳೆ ಅಂಡಗಳನ್ನು ಉಳಿಸಿಕೊಳ್ಳಬಹುದೇ ಎಂಬುದು ಒಂದು ದಿಕ್ಕು. ಅಂಡಾಶಯದ ಗ್ರಾನ್ಯುಲೋಸಾ ಗಡ್ಡೆ ಎಎಂಎಚ್ ಸೂಸುವುದರಿಂದ ಅದು ಮರುಕಳಿಸಿತೇ ಎಂದು ನೋಡಲು ಪರೀಕ್ಷೆ ಆಗಲೇ ಬಳಕೆಯಲ್ಲಿದೆ.

ಎಲ್ಲಕ್ಕಿಂತ ಮುಂದೆ ಹೋಗಿರುವುದು ಬೆಕ್ಕಿನ ಪ್ರಯೋಗ. ಡೊನಹೋ ಅವರ ಬಳಗ ಮತ್ತು ಅಮೆರಿಕದ ಸಿನ್ಸಿನಾಟಿ ಮೃಗಾಲಯದ ವೈದ್ಯರು ಬೆಕ್ಕಿನ ಎಎಂಎಚ್ ವಂಶವಾಹಿಯನ್ನು ನಿರುಪದ್ರವಿ ವೈರಾಣುವಿನಲ್ಲಿ ತುಂಬಿ, ಆರು ಹೆಣ್ಣು ಬೆಕ್ಕುಗಳ ಸ್ನಾಯುವಿಗೆ ಒಂದೇ ಸಲ ಚುಚ್ಚಿದರು. ಸ್ನಾಯು ಎಎಂಎಚ್ ತಯಾರಿಸುತ್ತಲೇ ಹೋಯಿತು. ಗಂಡು ಬೆಕ್ಕಿನ ಜೊತೆ ಬಿಟ್ಟರೂ ಎರಡು ವರ್ಷದ ಗಮನಿಕೆಯಲ್ಲಿ ಆರರಲ್ಲಿ ಒಂದೂ ಮರಿ ಹಾಕಲಿಲ್ಲ. ಮದ್ದು ಕೊಡದೆ ಇಟ್ಟಿದ್ದ ಮೂರು ಬೆಕ್ಕುಗಳು ಮರಿ ಹಾಕಿದವು. 2023ರಲ್ಲಿ ಪ್ರಕಟವಾದ ಈ ಕೆಲಸ ಆರು ಪ್ರಾಣಿಗಳಷ್ಟು ಚಿಕ್ಕದು, ಮದ್ದಿನ ಬೆಲೆ ಬೀದಿಗಿಳಿಯುವಷ್ಟು ಅಗ್ಗವಾಗಲು ಕಾಲ ಬೇಕು. ಈಗಿನ ದಾರಿಯೆಂದರೆ ಬೆಕ್ಕನ್ನು ಹಿಡಿದು, ಅರಿವಳಿಕೆ ಕೊಟ್ಟು, ಹೊಟ್ಟೆ ಕೊಯ್ದು, ಹೊಲಿಗೆ ಮಾಯುವವರೆಗೆ ಕಾಪಾಡಿ ಬಿಡುವುದು. ಅವರ್ಸಾದ ಮೀನಿನ ಬುಟ್ಟಿಗಳ ನಡುವೆ ಕಾಲಿಗೆ ಅಡ್ಡಬರುವ ಬೆಕ್ಕುಗಳಲ್ಲಿ ಅಂಥ ಆರೈಕೆ ಎಷ್ಟಕ್ಕೆ ಸಿಕ್ಕೀತು ಎಂಬುದನ್ನು ಮೀನು ಮಾರುವ ಹೆಂಗಸರನ್ನೇ ಕೇಳಬೇಕು.